ಕ್ಯಾಮೆರಾ ಚಲನ್ ಬಂತಾ? ಕಟ್ಟುವ ಮುಂಚೆ ಫೋಟೊ ತೆರೆದು ನೋಡಿ

ಚಲನ್ ಮೆಸೇಜ್ ಬಂದ ಕೂಡಲೇ ನಮ್ಮ ಜನ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದೋ ಬೈದುಕೊಂಡು ದುಡ್ಡು ಕಟ್ಟುತ್ತಾರೆ, ಇಲ್ಲಾ ಬೈದುಕೊಂಡು ಸುಮ್ನೆ ಬಿಟ್ಟುಬಿಡುತ್ತಾರೆ. ಚಲನ್ ಜೊತೆ ಇರುವ ಫೋಟೊ ತೆರೆದು, ದೊಡ್ಡದು ಮಾಡಿ, ನಿಧಾನವಾಗಿ ನೋಡುವವರು ಬಹಳ ಕಡಿಮೆ. ಆ ಫೋಟೊದಲ್ಲಿ ಏನು ನೋಡಬೇಕು, ತಪ್ಪು ಕಂಡರೆ ಯಾರ ಹತ್ತಿರ ಹೋಗಬೇಕು, ಎಲ್ಲಿ ಸುಮ್ಮನೆ ಕಟ್ಟಿ ಮುಗಿಸುವುದು ಜಾಣತನ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮುಂಬೈ, ಪುಣೆಯ ಕನ್ನಡದವರಿಗೆ ಇದು ದಿನಾ ಇರುವ ವಿಷಯ. ಮಾಟುಂಗಾದ ಹೋಟೆಲಿನಿಂದ ಪಾರ್ಸೆಲ್ ಹೊತ್ತು ಹೋಗುವ ಸ್ಕೂಟರ್, ಹಿಂಜವಡಿಗೆ ಓಡಾಡುವ ಬೈಕ್, ಚೌತಿಗೆ ಹುಬ್ಬಳ್ಳಿಗೋ ಉಡುಪಿಗೋ ಹೊರಟ ಕಾರು, ಎಲ್ಲದರ ಮೇಲೂ ಯಾವುದೋ ಕಂಬದ ಕ್ಯಾಮೆರಾ ಕಣ್ಣಿಟ್ಟಿರುತ್ತದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಂತೂ 2024ರ ಜುಲೈನಿಂದ ಐಟಿಎಂಎಸ್ ಅನ್ನುವ ಕ್ಯಾಮೆರಾ ವ್ಯವಸ್ಥೆ ನಡೆಯುತ್ತಿದೆ. ಸ್ಪೀಡ್ ಮಾತ್ರ ಅಲ್ಲ, ಲೇನ್ ಬಿಟ್ಟು ಹೋದದ್ದು, ಸೀಟ್ ಬೆಲ್ಟ್ ಹಾಕದ್ದು, ಫೋನ್ ಹಿಡಿದದ್ದು ಹೀಗೆ 17 ಬಗೆಯ ತಪ್ಪುಗಳನ್ನು ಅದು ಹಿಡಿಯುತ್ತದೆ.

ಕ್ಯಾಮೆರಾ ನ್ಯಾಯವಾ, ಅನ್ಯಾಯವಾ? ನನ್ನನ್ನು ಕೇಳಿದರೆ ಎರಡೂ ಹೌದು. ಕ್ಯಾಮೆರಾಗೆ ಮುಖ ನೋಡಿ ಮಣೆ ಹಾಕುವ ಅಭ್ಯಾಸ ಇಲ್ಲ. ದೊಡ್ಡ ಕಾರಿಗೂ ಹಳೇ ಆಕ್ಟಿವಾಗೂ ಅಲ್ಲಿ ಒಂದೇ ಲೆಕ್ಕ. ಮರಾಠಿ ಸರಿಯಾಗಿ ಬಾರದ ಹುಡುಗ ಚೌಕದಲ್ಲಿ ನಿಂತು ತೊದಲಬೇಕಾಗಿಲ್ಲ, ಯಾರಿಗೂ ನೂರು ಇನ್ನೂರು ಕೈಗಿಟ್ಟು ಬಿಡಿಸಿಕೊಳ್ಳುವ ಪ್ರಸಂಗ ಇಲ್ಲ. ಆದರೆ ಅದಕ್ಕೆ ಕಾಣುವುದು ಒಂದು ಕ್ಷಣ ಮಾತ್ರ. ಹಿಂದೆ ಆಂಬುಲೆನ್ಸ್ ಹಾರ್ನ್ ಹೊಡೆಯುತ್ತಿತ್ತು, ಪೊಲೀಸರೇ ಕೈ ಬೀಸಿ "ಚಲೋ ಚಲೋ" ಅಂದರು, ಸ್ಟಾಪ್ ಲೈನ್ ಮಳೆಗೆ ಅಳಿಸಿಹೋಗಿತ್ತು, ಇದೆಲ್ಲ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರುವುದು ತಡವಾಗಿ ತಿಳಿಯುವ ವಿಷಯದಲ್ಲಿ. ಪೊಲೀಸ್ ಹಿಡಿದರೆ ಆ ಕ್ಷಣಕ್ಕೇ ಗೊತ್ತಾಗುತ್ತದೆ, ಮರುದಿನ ಹುಷಾರಾಗುತ್ತೇವೆ. ಕ್ಯಾಮೆರಾ ಹಿಡಿದರೆ, ಫೋನ್ ನಂಬರ್ ಹಳೆಯದಾಗಿದ್ದರೆ, ಅದೇ ಸಿಗ್ನಲ್ಲಿನಲ್ಲಿ ಅದೇ ತಪ್ಪಿಗೆ ತಿಂಗಳುಗಟ್ಟಲೆ ಚಲನ್ ಬೀಳುತ್ತಲೇ ಇರುತ್ತದೆ, ನಮಗೆ ಸುದ್ದಿಯೇ ಇರುವುದಿಲ್ಲ. 2025ರ ಜುಲೈನಲ್ಲಿ ಮಹಾರಾಷ್ಟ್ರದ ಲಾರಿ, ಬಸ್ಸಿನವರು ಮುಷ್ಕರ ಹೂಡಿದಾಗ ಇ-ಚಲನ್ನೇ ಅವರ ದೊಡ್ಡ ದೂರಾಗಿತ್ತು.

ಸರಿ, ಕೆಲಸಕ್ಕೆ ಬರೋಣ.

ಮೊದಲನೆಯದು: ಮೆಸೇಜ್ ಅಸಲಿಯಾ ನೋಡಿ

ವಾಟ್ಸ್ಯಾಪ್‌ನಲ್ಲಿ "ನಿಮ್ಮ ಗಾಡಿಗೆ ಚಲನ್ ಬಿದ್ದಿದೆ" ಅಂತ ಬಂದು, ಜೊತೆಗೆ ಎಪಿಕೆ ಅಂತ ಕೊನೆಯಾಗುವ ಫೈಲ್ ಇದ್ದರೆ ಮುಟ್ಟಲೇಬೇಡಿ. ಅದು ಚಲನ್ ಅಲ್ಲ, ನಿಮ್ಮ ಫೋನಿನ ಒಳಗೆ ನುಗ್ಗಿ ಓಟಿಪಿ ಕದಿಯುವ ಆ್ಯಪ್. ಎಸ್ಸೆಮ್ಮೆಸ್‌ನಲ್ಲಿ ಬಂದ ಲಿಂಕನ್ನೂ ಒತ್ತಬೇಡಿ. ಬ್ರೌಸರಿನಲ್ಲಿ ನೀವೇ ಟೈಪ್ ಮಾಡಿ ಮಹಾರಾಷ್ಟ್ರದ ಮಹಾಟ್ರಾಫಿಕ್ ಇ-ಚಲನ್ ಸೈಟಿಗೋ, ಕೇಂದ್ರದ ಪರಿವಹನ್ ಇ-ಚಲನ್ ಸೈಟಿಗೋ ಹೋಗಿ. ವಿಳಾಸ "ಡಾಟ್ ಗವ್ ಡಾಟ್ ಇನ್" ಎಂದೇ ಮುಗಿದಿರಬೇಕು, ಅದರ ಮುಂದೆ ಇನ್ನೊಂದು ಬಾಲ ಇರಬಾರದು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಊರಲ್ಲಿರುವ ಅಪ್ಪ ಅಮ್ಮನ ಹೆಸರಿನಲ್ಲಿ ಗಾಡಿ ಇದ್ದರೆ ಅವರಿಗೂ ಇದನ್ನು ಇವತ್ತೇ ಹೇಳಿಬಿಡಿ. ಇಂಥ ಮೆಸೇಜಿಗೆ ಹೆದರಿ ಬೇಗ ಒತ್ತುವವರು ಅವರೇ.

ಚಲನ್ ತೆರೆಯಿರಿ, ಇಳಿಸಿಕೊಳ್ಳಿ

ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 4 ಅಂಕಿ ಕೇಳುತ್ತದೆ. ಆರ್‌ಸಿಯಲ್ಲಿ ಇರುತ್ತದೆ. ತೆರೆದ ತಕ್ಷಣ ಬಾಕಿ ಇರುವ ಎಲ್ಲವೂ ಒಟ್ಟಿಗೆ ಕಾಣುತ್ತದೆ. ಕೆಲವರಿಗೆ ಎದೆ ಧಸಕ್ಕೆನ್ನುವುದು ಇಲ್ಲೇ. ಗಾಬರಿಯಲ್ಲಿ "ಎಲ್ಲ ಕಟ್ಟು" ಅನ್ನುವುದನ್ನು ಒತ್ತಬೇಡಿ. ಒಂದೊಂದಾಗಿ ತೆರೆದು ಫೋಟೊ, ಚಲನ್ ನಂಬರ್, ಜಾಗ, ಸಮಯ, ಹಾಕಿದ ಕಲಮು ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸೈಟು ಯಾವಾಗ ಕೈಕೊಡುತ್ತದೋ ಹೇಳಲಾಗದು.

ಒಂದು ಮಾತು ಇಲ್ಲೇ ನೆನಪಿಟ್ಟುಕೊಳ್ಳಿ. ದುಡ್ಡು ಕಟ್ಟಿದಿರಿ ಅಂದರೆ ತಪ್ಪು ಒಪ್ಪಿಕೊಂಡು ರಾಜಿ ಮಾಡಿಕೊಂಡಿರಿ ಅಂತಲೇ ಲೆಕ್ಕ. "ಈಗ ಕಟ್ಟುತ್ತೇನೆ, ಆಮೇಲೆ ದೂರು ಕೊಡುತ್ತೇನೆ" ಅನ್ನುವುದು ನಡೆಯುವುದಿಲ್ಲ. ದೂರು ಕೊಡುವುದಾದರೆ ಕಟ್ಟುವ ಮುಂಚೆ.

ಫೋಟೊ ಓದುವುದು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ. ಫೋನಿನಲ್ಲಿ ಅಲ್ಲ, ಸಾಧ್ಯವಾದರೆ ಲ್ಯಾಪ್‌ಟಾಪಿನಲ್ಲಿ ನೋಡಿ.

ಮೊದಲು ನಂಬರ್ ಪ್ಲೇಟ್. ಈ ಕ್ಯಾಮೆರಾಗಳು ಪ್ಲೇಟಿನ ಚಿತ್ರ ತೆಗೆದು, ಅಕ್ಷರಗಳನ್ನು ಬಿಡಿಸಿ, ಸಾಫ್ಟ್‌ವೇರ್‌ನಿಂದ ಓದಿಸುತ್ತವೆ. 8 ಮತ್ತು ಬಿ, ಸೊನ್ನೆ ಮತ್ತು ಡಿ, 1 ಮತ್ತು 7, ಇವು ಅದಲುಬದಲಾಗುವುದು ಸುಲಭ. ಕೆಸರು ಮೆತ್ತಿಕೊಂಡ ಪ್ಲೇಟ್, ಬಾಗಿದ ಪ್ಲೇಟ್, ಅಲಂಕಾರದ ಅಕ್ಷರ ಬರೆಸಿದ ಪ್ಲೇಟ್, ಅಂಕಿಯ ಮೇಲೇ ಬಿದ್ದ ಒಂದು ಸ್ಕ್ರೂ, ಇಷ್ಟು ಸಾಕು. ನಿಮ್ಮ ನಂಬರ್ ಎಂದು ಬರೆದ ಚಲನ್‌ನ ಫೋಟೊದಲ್ಲಿ ಇರುವುದು ನಿಜವಾಗಲೂ ನಿಮ್ಮ ನಂಬರಾ? ಒಂದೊಂದೇ ಅಕ್ಷರ ಬೆರಳಿಟ್ಟು ಓದಿ.

ಆಮೇಲೆ ಗಾಡಿ. ನಮಗೆ ಪರಿಚಯದ ಒಬ್ಬ ಹುಡುಗ, ಕುಂದಾಪುರದ ಕಡೆಯವನು, ಹೋಟೆಲಿನಲ್ಲಿ ಕೆಲಸ. ಹೆಲ್ಮೆಟ್ ಇಲ್ಲ ಅಂತ ಅವನಿಗೆ ಚಲನ್ ಬಂತು. ಅವನೋ ಹೆಲ್ಮೆಟ್ ಇಲ್ಲದೆ ಗೇಟು ದಾಟುವವನೇ ಅಲ್ಲ. ಫೋಟೊದಲ್ಲಿ ಪ್ಲೇಟಿನ ನಂಬರ್ ಅವನದೇ. ಬಣ್ಣವೂ ಅದೇ ಬೂದು. ದೊಡ್ಡದು ಮಾಡಿ ನೋಡಿದಾಗ ಹಿಂದಿನ ದೀಪ ಬೇರೆ. ಅವನ ಸ್ಕೂಟರಿನದು ಅಗಲದ ಒಂದೇ ದೀಪ, ಫೋಟೊದಲ್ಲಿದ್ದದ್ದು ಇಕ್ಕೆಲಗಳಲ್ಲಿ ಇಂಡಿಕೇಟರ್ ಚಾಚಿಕೊಂಡ ಇನ್ನೊಂದು ಕಂಪನಿಯ ಮಾಡೆಲ್. ಸೀಟಿನ ಕೆಳಗೆ ಸ್ಟೀಲಿನ ಕಂಬಿ, ಇವನದಕ್ಕೆ ಅದಿಲ್ಲ. ಅಂದರೆ ಯಾರೋ ಇವನ ನಂಬರ್ ಬರೆಸಿಕೊಂಡು ಓಡಾಡುತ್ತಿದ್ದಾರೆ. ಇಂಥದ್ದು ಕಂಡರೆ ಚಲನ್ ದೂರಿನ ಜೊತೆಗೆ ಪೊಲೀಸ್ ಠಾಣೆಯಲ್ಲೂ ಲಿಖಿತ ದೂರು ಕೊಡಿ, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇವತ್ತು ಹೆಲ್ಮೆಟ್ ಚಲನ್, ನಾಳೆ ಅದೇ ನಂಬರಿನ ಗಾಡಿ ಅಪಘಾತ ಮಾಡಿ ಓಡಿಹೋದರೆ ನಿಮ್ಮ ಬಾಗಿಲು ತಟ್ಟುತ್ತಾರೆ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಹೈ ಸೆಕ್ಯುರಿಟಿ ಪ್ಲೇಟ್ ಇನ್ನೂ ಹಾಕಿಸದಿದ್ದರೆ ಹಾಕಿಸಿಬಿಡಿ.

ಮೂರನೆಯದು ಜಾಗ ಮತ್ತು ಹೊತ್ತು. ಚಲನ್‌ನಲ್ಲಿ ಬರೆದ ಚೌಕ ಮತ್ತು ಫೋಟೊದಲ್ಲಿ ಕಾಣುವ ಅಂಗಡಿ ಬೋರ್ಡು, ಫ್ಲೈಓವರ್, ಬಸ್ ಸ್ಟಾಪ್ ಹೊಂದುತ್ತವಾ? ಬೆಳಗ್ಗೆ 11 ಅಂತ ಬರೆದು ಫೋಟೊದಲ್ಲಿ ಬೀದಿದೀಪ ಉರಿಯುತ್ತಿದ್ದರೆ ಕೇಳಲೇಬೇಕಲ್ವಾ.

ಸಿಗ್ನಲ್ ಹಾರಿದ ಚಲನ್ ಆದರೆ ಎರಡು ಚಿತ್ರ ಹುಡುಕಿ. ಕೆಂಪು ದೀಪ ಇದ್ದಾಗ ಗಾಡಿ ಗೆರೆಯ ಹಿಂದೆ ಇರುವುದು ಒಂದು, ಅದೇ ಕೆಂಪಿನಲ್ಲಿ ಗೆರೆ ದಾಟಿ ಮುಂದೆ ಹೋದದ್ದು ಇನ್ನೊಂದು. ಬರೀ ಚೌಕದ ನಡುವೆ ಗಾಡಿ ಇರುವ ಒಂದೇ ಚಿತ್ರ ಇದ್ದರೆ ಅದು ಸಾಲದು. ನೀವು ಹಳದಿಯಲ್ಲಿ ಒಳಗೆ ಬಂದು ಮುಂದಿನ ಬಸ್ಸು ನಿಂತದ್ದಕ್ಕೆ ಅಲ್ಲೇ ಸಿಕ್ಕಿಹಾಕಿಕೊಂಡಿರಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಹಳದಿ 3 ಸೆಕೆಂಡ್ ಇದ್ದರೆ 42 ಮೀಟರ್. ಗೆರೆಗೆ 15 ಮೀಟರ್ ಇರುವಾಗ ಹಳದಿ ಬಿತ್ತು ಅಂದರೆ, ಹಿಂದೆ ಬೆಸ್ಟ್ ಬಸ್ಸು ಅಂಟಿಕೊಂಡು ಬರುತ್ತಿರುವಾಗ, ಬ್ರೇಕ್ ಒತ್ತುವುದು ನಿಮ್ಮ ಜೀವಕ್ಕೇ ಕುತ್ತು. ಹಾಗೇ ಸ್ಟಾಪ್ ಲೈನ್ ಮೇಲೆ ನಿಂತದ್ದಕ್ಕೆ ಬಂದ ಚಲನ್ ಆದರೆ, ಗೆರೆ ಫೋಟೊದಲ್ಲಿ ಕಾಣುತ್ತಿದೆಯಾ ನೋಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಎಷ್ಟೋ ಚೌಕಗಳಲ್ಲಿ ಗೆರೆ ಇತ್ತು ಅನ್ನುವುದಕ್ಕೆ ಗುರುತೇ ಉಳಿದಿರುವುದಿಲ್ಲ.

ಮೂಲೆಗಳನ್ನೂ ಬಿಡಬೇಡಿ. ಅಂಚಿನಲ್ಲಿ ಬಿಳಿ ಅಂಗಿ ಖಾಕಿ ಪ್ಯಾಂಟಿನ ಟ್ರಾಫಿಕ್ ಪೊಲೀಸ್ ಕೈ ಎತ್ತಿ ಗಾಡಿ ಬಿಡುತ್ತಿದ್ದಾರಾ? ಹಿಂದೆ ಆಂಬುಲೆನ್ಸ್ ಇದೆಯಾ? ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನಲ್ಲಿ 10,000 ರೂಪಾಯಿ ದಂಡ ಇದೆ. ದಾರಿ ಬಿಡಲು ಗೆರೆ ದಾಟಿದವನಿಗೆ ಕ್ಯಾಮೆರಾ ಚಲನ್ ಕೊಟ್ಟರೆ ಅದನ್ನು ರದ್ದು ಮಾಡಿಸಲು ನಿಮಗೆ ಗಟ್ಟಿ ಕಾರಣ ಇದೆ.

ಸೀಟ್ ಬೆಲ್ಟ್ ಮತ್ತು ಫೋನಿನ ಚಲನ್‌ಗಳಲ್ಲಿ ಯಂತ್ರ ಎಡವುವುದು ಜಾಸ್ತಿ. ಕಪ್ಪು ಅಂಗಿಯ ಮೇಲೆ ಕಪ್ಪು ಬೆಲ್ಟು ಕಾಣುವುದಿಲ್ಲ, ಗಾಜಿನ ಮೇಲಿನ ಬಿಸಿಲು ಎಲ್ಲವನ್ನೂ ನುಂಗುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಒಬ್ಬರು ತಲೆ ಕೆರೆದುಕೊಂಡದ್ದನ್ನೇ ಫೋನ್ ಹಿಡಿದದ್ದು ಅಂತ ಕ್ಯಾಮೆರಾ ಓದಿ 380 ಯೂರೊ ದಂಡ ಹಾಕಿತ್ತು. ಅಲ್ಲೇ ಹಾಗಾದರೆ ನಮ್ಮಲ್ಲಿ ಏನು ಹೇಳುವುದು.

ಸ್ಪೀಡ್ ಚಲನ್: ಲೆಕ್ಕ ಹಾಕದೆ ಜಗಳಕ್ಕೆ ಹೋಗಬೇಡಿ

ಸ್ಪೀಡ್ ವಿಷಯದಲ್ಲಿ ನಮ್ಮವರ ವಾದ ಹೆಚ್ಚಾಗಿ "ನಾನು ಅಷ್ಟು ಜೋರಾಗಿ ಹೋಗುವವನೇ ಅಲ್ಲ" ಅನ್ನುವಲ್ಲಿಗೆ ನಿಲ್ಲುತ್ತದೆ. ಅದು ಯಾರೂ ಕೇಳುವ ವಾದ ಅಲ್ಲ.

ಎರಡು ಬಗೆ ಇದೆ. ಒಂದು ಆ ಜಾಗದ ವೇಗ, ರೇಡಾರ್ ಅಥವಾ ಲೇಸರ್ ಅಳೆಯುತ್ತದೆ. ಇನ್ನೊಂದು ಸರಾಸರಿ ವೇಗ. ಒಂದು ಕಮಾನಿನ ಕೆಳಗೆ ನಿಮ್ಮ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತದೆ, ಮುಂದಿನ ಕಮಾನಿನಲ್ಲಿ ಮತ್ತೆ ಓದುತ್ತದೆ, ದೂರವನ್ನು ಸಮಯದಿಂದ ಭಾಗಿಸುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲಿ ಎರಡೂ ಇವೆ. ಹಾಗಾಗಿ ಕ್ಯಾಮೆರಾ ಕಂಡ ಕೂಡಲೇ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಒತ್ತಿ ಹೋಗುವ ಹಳೇ ಚಾಳಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ ಹೀಗೆ. 20 ಕಿಲೋಮೀಟರ್ ದೂರವನ್ನು ಗಂಟೆಗೆ 100ರ ಮಿತಿಯಲ್ಲಿ ದಾಟಲು 12 ನಿಮಿಷ ಬೇಕು. 10 ನಿಮಿಷದಲ್ಲಿ ದಾಟಿದಿರಿ ಅಂದರೆ ಸರಾಸರಿ 120. ನಿಮ್ಮ ಹತ್ತಿರ ಒಂದು ಸಾಕ್ಷಿ ಆಗಲೇ ಇದೆ, ಫಾಸ್ಟ್ಯಾಗ್. ಖಾಲಾಪುರ ಟೋಲ್ ಮತ್ತು ತಳೇಗಾಂವ್ ಟೋಲಿನ ಎಸ್ಸೆಮ್ಮೆಸ್ ಸಮಯ ತೆಗೆದು, ಮ್ಯಾಪಿನಲ್ಲಿ ದೂರ ನೋಡಿ, ನೀವೇ ಭಾಗಿಸಿ. ಬಂದ ಉತ್ತರ ನಿಮಗೆ ವಿರುದ್ಧವಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಕಟ್ಟಿಬಿಡಿ. ನಿಮ್ಮ ಪರವಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ನಡುವೆ ಫುಡ್ ಮಾಲ್‌ನಲ್ಲಿ ವಡಾಪಾವ್ ತಿಂದು ಅರ್ಧ ಗಂಟೆ ಕೂತಿದ್ದರೆ ಆ ಸರಾಸರಿಗೆ ಬೆಲೆ ಇಲ್ಲ. ಫೋನಿನ ಲೊಕೇಶನ್ ದಾಖಲೆ, ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್, ಇವು ಆ ಜಾಗದ ವೇಗವನ್ನೇ ತೋರಿಸುವುದರಿಂದ ಜಾಸ್ತಿ ಗಟ್ಟಿ.

ಸ್ಪೀಡೋಮೀಟರಿನ ವಿಷಯ ಹೇಳಬೇಕು. ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನುವ ಹಾಗೆ ತಯಾರಾಗುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಮುಳ್ಳು 100ರಲ್ಲಿ ಇದ್ದರೆ ಗಾಡಿ ನಿಜವಾಗಿ ಅದಕ್ಕಿಂತ ತುಸು ನಿಧಾನ. ಆದ್ದರಿಂದ ಮೀಟರ್ ನೋಡಿಕೊಂಡೇ 100ರ ಒಳಗೆ ಓಡಿಸಿದ್ದೀರಿ, ಚಲನ್‌ನಲ್ಲಿ 118 ಇದೆ ಅಂದರೆ ಏನೋ ಎಡವಟ್ಟಾಗಿದೆ.

"ಕ್ಯಾಮೆರಾ ಓರೆಯಾಗಿ ಕೂರಿಸಿದ್ದಾರೆ, ಅದಕ್ಕೆ ಜಾಸ್ತಿ ತೋರಿಸಿದೆ" ಅಂತ ಕೆಲವರು ಹೇಳುತ್ತಾರೆ. ಇದು ಉಲ್ಟಾ. ನಿಂತಲ್ಲಿಂದ ರೇಡಾರ್ ಓರೆಯಾಗಿ ನೋಡಿದಷ್ಟೂ, ಆ ಓರೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ವೇಗ ಕಡಿಮೆಯೇ ಕಾಣುತ್ತದೆ. 20 ಡಿಗ್ರಿ ಓರೆ ಇದ್ದರೆ 100ರ ಗಾಡಿ ಸುಮಾರು 94 ಅಂತ ಬರುತ್ತದೆ. ನಿಜವಾಗಿ ನೋಡಬೇಕಾದ್ದು ಫೋಟೊದಲ್ಲಿ ನಿಮ್ಮ ಪಕ್ಕದಲ್ಲಿ ಇನ್ನೊಂದು ಗಾಡಿ ಇದೆಯಾ ಅನ್ನುವುದು. ಎರಡು ಗಾಡಿ ಒಟ್ಟಿಗೆ ಇದ್ದಾಗ ಯಾರ ವೇಗ ಯಾರ ತಲೆಗೆ ಬಿತ್ತು ಅಂತ ಕೇಳುವ ಹಕ್ಕು ನಿಮಗಿದೆ.

ಮಿತಿ ಎಷ್ಟು ಅನ್ನುವುದೂ ಗೊತ್ತಿರಬೇಕು. ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ 100, ಘಾಟಿನಲ್ಲಿ 60. ಅಟಲ್ ಸೇತುವಿನಲ್ಲಿ 100. ಮುಂಬೈ ಕೋಸ್ಟಲ್ ರಸ್ತೆಯಲ್ಲಿ ನೇರ ದಾರಿಗೆ 80, ಸುರಂಗದಲ್ಲಿ 60, ತಿರುವು ಮತ್ತು ಒಳಬರುವ ಹೊರಹೋಗುವ ಕಡೆ 40. ಖಾಲಿ ನುಣುಪು ರಸ್ತೆಯಲ್ಲಿ 80ರಿಂದ 40ಕ್ಕೆ ಇಳಿಯುವುದು ಯಾರಿಗೂ ಸಹಜವಾಗಿ ಬರುವುದಿಲ್ಲ, ಒಪ್ಪುತ್ತೇನೆ. ಪುಣೆಯ ನವಲೆ ಸೇತುವೆ ಇಳಿಜಾರಿನಲ್ಲಿ ನಿಧಾನ ಹೋಗಿ ಅಂದರೆ ನಾನು ಎರಡು ಮಾತಾಡುವುದಿಲ್ಲ, ಅಲ್ಲಿ ಆದ ಅಪಘಾತಗಳು ಊರಿಗೇ ಗೊತ್ತು. ಆದರೆ ಮಿತಿ ಬದಲಾಗುವ ಕಡೆ ಬೋರ್ಡು ಕಾಣುವ ಹಾಗೆ ಇರಬೇಕು. ಮೋಟಾರು ವಾಹನ ಕಾಯ್ದೆಯ 112ನೇ ಕಲಮೇ ಹಾಗೆ ಹೇಳುತ್ತದೆ. ಬೋರ್ಡು ಮರದ ಕೊಂಬೆಯ ಹಿಂದೆ ಮುಚ್ಚಿಹೋಗಿದ್ದರೆ ಅದರ ಚಿತ್ರ ಬೇಕು. ಅದಕ್ಕಾಗಿ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ ಗಾಡಿ ನಿಲ್ಲಿಸಬೇಡಿ ಮಾರಾಯರೇ, ಪ್ರಾಣಕ್ಕೂ ಕೆಟ್ಟದ್ದು, ಇನ್ನೊಂದು ಚಲನ್ನೂ ಬರುತ್ತದೆ. ಪಕ್ಕದಲ್ಲಿ ಕೂತವರು ವಿಡಿಯೊ ತೆಗೆಯಲಿ.

ಚಲನ್ ಜೊತೆ ಏನೇನು ಇರಲೇಬೇಕು

2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅನ್ನುವ ನಿಯಮ ಸೇರಿತು. ಕ್ಯಾಮೆರಾ ಚಲನ್ ನ್ಯಾಯವಾಗಿದೆಯಾ ಅಂತ ಅಳೆಯಲು ಇದೇ ಅಳತೆಗೋಲು. ಅದರ ಪ್ರಕಾರ ಯಂತ್ರ ಸರಿಯಾಗಿದೆ ಅಂತ ರಾಜ್ಯ ಸರ್ಕಾರ ಗೊತ್ತುಮಾಡಿದ ಅಧಿಕಾರಿಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ರಸ್ತೆಯಲ್ಲಿ ಕ್ಯಾಮೆರಾ ಇದೆ ಅಂತ ಮುಂಚೆಯೇ ಎಚ್ಚರಿಕೆ ಬೋರ್ಡು ಹಾಕಿರಬೇಕು. ಚಲನ್ ಜೊತೆ ತಪ್ಪೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಫೋಟೊ, ಯಂತ್ರದ ಅಳತೆ, ದಿನಾಂಕ, ಸಮಯ, ಜಾಗ, ಯಾವ ಕಲಮು ಮುರಿದಿರಿ ಅನ್ನುವುದು, ಮತ್ತು ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಆ ಪ್ರಮಾಣಪತ್ರ ಮುಂಚೆ ಸಾಕ್ಷ್ಯ ಕಾಯ್ದೆಯ 65ಬಿ ಅಡಿ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿಗೆ ಬಂದಿದೆ. ನೋಟಿಸ್ ತಪ್ಪು ನಡೆದ 15 ದಿನದ ಒಳಗೆ ಕಳಿಸಬೇಕು ಅಂತಲೂ 2021ರ ನಿಯಮದಲ್ಲಿತ್ತು. ಇಂಥ ಗಡುವುಗಳನ್ನು ಸರ್ಕಾರ ಆಗಾಗ ತಿದ್ದುತ್ತದೆ, ಅರ್ಜಿ ಬರೆಯುವ ದಿನ ಆಗಿನ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ಇನ್ನೊಂದು ವಿಷಯ. ರಸ್ತೆ ಬದಿ ನಿಂತ ಪೊಲೀಸರು ತಮ್ಮ ಸ್ವಂತ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಆಮೇಲೆ ಚಲನ್ ಹಾಕುವುದನ್ನು ಮಹಾರಾಷ್ಟ್ರದ ಸಂಚಾರ ಪೊಲೀಸ್ ಮೇಲಧಿಕಾರಿಗಳೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ ನಿಲ್ಲಿಸಲು ಹೇಳಿದ್ದಾರೆ. ನಿಮ್ಮ ಫೋಟೊ ಮನುಷ್ಯನ ಎದೆ ಎತ್ತರದಿಂದ, ಅಡ್ಡಾದಿಡ್ಡಿ ತೆಗೆದ ಹಾಗಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಕಟ್ಟುವುದಾ, ಕೇಳುವುದಾ?

ತಪ್ಪು ನಿಮ್ಮದು ಅಂತ ಫೋಟೊ ಹೇಳಿದರೆ ಕಟ್ಟಿ. ಪ್ರಮಾಣಪತ್ರ ಇಲ್ಲ, ಬೋರ್ಡು ಇಲ್ಲ ಅಂತ ತಾಂತ್ರಿಕ ಕೊಕ್ಕೆ ಹುಡುಕಿ ತಪ್ಪಿಸಿಕೊಳ್ಳಲು ನೋಡುವವರ ಬಗ್ಗೆ ನನಗೆ ಅಷ್ಟೇನೂ ಮರುಕವಿಲ್ಲ. ಗಂಟೆಗೆ 130ರಲ್ಲಿ ಹೋಗಿ ಆಮೇಲೆ ಕಾಯ್ದೆ ಓದುವುದು ಯಾವ ನ್ಯಾಯ? ಆದರೆ ಗಾಡಿ ನಿಮ್ಮದಲ್ಲ, ತಪ್ಪು ಫೋಟೊದಲ್ಲಿ ಕಾಣುತ್ತಿಲ್ಲ, ಒಂದೇ ತಪ್ಪಿಗೆ ಕೆಲವೇ ನಿಮಿಷದ ಅಂತರದಲ್ಲಿ ಎರಡು ಚಲನ್ ಬಂದಿದೆ, ಅಥವಾ ಪೊಲೀಸರೇ ಬಿಟ್ಟದ್ದು ಕಾಣುತ್ತಿದೆ ಅಂದರೆ 500 ರೂಪಾಯಿ ಆದರೂ ಕೇಳಿ. ಮೊತ್ತ ಚಿಕ್ಕದು ಅಂತ ಬಿಟ್ಟರೆ ಆ ಕ್ಯಾಮೆರಾ ನಾಳೆ ಇನ್ನೊಬ್ಬರಿಗೆ ಅದೇ ತಪ್ಪು ಮಾಡುತ್ತದೆ.

ಮೊತ್ತದ ಬಗ್ಗೆ ಒಂದು ಅಂದಾಜು. ಕಾಯ್ದೆಯಲ್ಲಿ ಕಾರಿನ ಅತಿವೇಗಕ್ಕೆ 1000ದಿಂದ 2000, ಸಿಗ್ನಲ್ ಹಾರಿದ್ದನ್ನು 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆ ಅಂತ ಹಾಕಿದರೆ 1000ದಿಂದ 5000, ಸೀಟ್ ಬೆಲ್ಟ್ ಇಲ್ಲದಿದ್ದರೆ 1000. ಕೋರ್ಟಿಗೆ ಹೋಗದೆ ರಾಜಿಯಲ್ಲಿ ಮುಗಿಸುವ ಮೊತ್ತವನ್ನು ರಾಜ್ಯವೇ ಗೊತ್ತುಮಾಡುತ್ತದೆ. ಚಲನ್‌ನಲ್ಲಿ ಕಾಣುವುದು ಆ ಮೊತ್ತ. ಕೋರ್ಟಿನಲ್ಲಿ ಸೋತರೆ ಅದಕ್ಕಿಂತ ಜಾಸ್ತಿ ಬೀಳಬಹುದು.

ಅರ್ಜಿ ಬರೆಯುವುದು

ಮಹಾಟ್ರಾಫಿಕ್ ಆ್ಯಪ್‌ನಲ್ಲಿ ಚಲನ್ ಬಗ್ಗೆ ದೂರು ಹಾಕಲು ಜಾಗ ಇದೆ. ಮೊದಲು ಅಲ್ಲಿ ಹಾಕಿ, ಬಂದ ದೂರು ನಂಬರ್ ಉಳಿಸಿಕೊಳ್ಳಿ. ಆಮೇಲೆ ಚಲನ್ ಹಾಕಿದ ವಿಭಾಗದ ಟ್ರಾಫಿಕ್ ಚೌಕಿಗೆ ಕಾಗದದಲ್ಲೂ ಒಂದು ಕೊಡಿ. ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ. ಕಥೆ ಬೇಡ. ಹೋಟೆಲ್ ಧಣಿ ಸಂಬಳ ಕಡಿದರು, ಮಗುವಿಗೆ ಜ್ವರ ಇತ್ತು, ಇದ್ಯಾವುದೂ ಚಲನ್ ರದ್ದಾಗಲು ಕಾರಣ ಆಗುವುದಿಲ್ಲ. ಇಷ್ಟು ಸಾಕು:

"ಚಲನ್ ನಂಬರ್ ಇಂಥದ್ದು, ಗಾಡಿ ನಂಬರ್ ಇಂಥದ್ದು, ದಿನಾಂಕ ಮತ್ತು ಸಮಯ ಇಂಥದ್ದು. ಚಲನ್ ಜೊತೆಗಿನ ಫೋಟೊದಲ್ಲಿ ಇರುವ ಗಾಡಿ ನನ್ನದಲ್ಲ. ನನ್ನ ಆರ್‌ಸಿಯಲ್ಲಿರುವ ಮಾಡೆಲ್ ಇದು, ಫೋಟೊದಲ್ಲಿರುವುದು ಇದು. ನನ್ನ ಗಾಡಿಯ ಹಿಂಭಾಗದ ಫೋಟೊ, ಆರ್‌ಸಿ ಪ್ರತಿ, ಆ ಹೊತ್ತಿಗೆ ನಾನು ಬೇರೆ ಕಡೆ ಇದ್ದದ್ದಕ್ಕೆ ದಾಖಲೆ ಲಗತ್ತಿಸಿದ್ದೇನೆ. ನಿಯಮ 167ಎ ಪ್ರಕಾರ ಮೂಲ ಫೋಟೊ ಮತ್ತು ಯಂತ್ರದ ಪ್ರಮಾಣಪತ್ರವನ್ನು ಪರಿಶೀಲಿಸಿ ಚಲನ್ ರದ್ದು ಮಾಡಬೇಕಾಗಿ ವಿನಂತಿ."

ಕೊಟ್ಟ ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಚೌಕಿಯಲ್ಲಿ "ಆಧೀ ಭರಾ, ಮಗ್ ಬಘೂ" ಅಂದರೆ, ಅಂದರೆ ಮೊದಲು ಕಟ್ಟಿ ಆಮೇಲೆ ನೋಡೋಣ ಅಂದರೆ, ನಗುನಗುತ್ತಲೇ ಬೇಡ ಅನ್ನಿ. ಕೂಗಾಡಿದರೆ ಕೆಲಸ ಕೆಡುತ್ತದೆ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಮಹಾರಾಷ್ಟ್ರದ ಆರ್‌ಟಿಐ ಆನ್‌ಲೈನ್ ಸೈಟಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಇಲ್ಲಿಯ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹಾಗಾಗಿ ಸುತ್ತಿಬಳಸಬೇಡಿ: ಇಂಥ ಜಾಗದ ಕ್ಯಾಮೆರಾದ ಪ್ರಮಾಣಪತ್ರದ ಪ್ರತಿ ಕೊಡಿ, ಅದು ಯಾವ ದಿನಾಂಕದವರೆಗೆ ಚಾಲ್ತಿಯಲ್ಲಿದೆ ತಿಳಿಸಿ, ಅಷ್ಟೇ.

ಕೋರ್ಟು, ಲೋಕ ಅದಾಲತ್

ಕಟ್ಟದೆ ಬಿಟ್ಟ ಚಲನ್ ಕೋರ್ಟಿಗೆ ಹೋಗಬಹುದು. ವರ್ಚುವಲ್ ಕೋರ್ಟ್ ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಅಲ್ಲಿ ದಂಡ ಕಟ್ಟುವ ದಾರಿ ಒಂದು, ವಾದ ಮಾಡುತ್ತೇನೆ ಅನ್ನುವ ದಾರಿ ಇನ್ನೊಂದು. ಎರಡನೆಯದು ಆರಿಸಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ರಜೆ ಹಾಕಿ ಹೋಗಬೇಕು. ಸಾಕ್ಷಿ ಕೈಯಲ್ಲಿದ್ದರೆ ಮಾತ್ರ ಆರಿಸಿ.

ಲೋಕ ಅದಾಲತ್ ನೋಟಿಸ್ ಬಂದರೆ ಹೋಗಿ ಬನ್ನಿ. ಅದು ಒಪ್ಪಿಗೆಯ ಮೇಲೆ ನಡೆಯುವ ರಾಜಿ, ಒಪ್ಪದಿದ್ದರೆ ಎದ್ದು ಬರಬಹುದು. ಒಪ್ಪಿ ಸಹಿ ಹಾಕಿದರೆ ಮಾತ್ರ ಅದೇ ಕೊನೆ, ಮೇಲ್ಮನವಿ ಇಲ್ಲ. ಇನ್ನು "ಅರ್ಧ ದಂಡ ಕಟ್ಟಿದರೆ ಸಾಕಂತೆ" ಅನ್ನುವ ಮೆಸೇಜುಗಳು. ಕರ್ನಾಟಕ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶೇ 50 ರಿಯಾಯಿತಿ ಕೊಟ್ಟದ್ದು ನಿಜ. ಅದು ಕರ್ನಾಟಕದಲ್ಲಿ ಬಿದ್ದ ದಂಡಕ್ಕೆ. ನಿಮ್ಮ ಗಾಡಿ ಕೆಎ ನಂಬರಿನದ್ದೇ ಆದರೂ ವಾಶಿಯಲ್ಲಿ ಬಿದ್ದ ಚಲನ್‌ಗೆ ಅದು ಲಾಗೂ ಆಗುವುದಿಲ್ಲ.

ನಮ್ಮವರಿಗೆ ಹೆಚ್ಚಾಗಿ ಬರುವ ತಾಪತ್ರಯ

ಹೋಟೆಲ್ ಸ್ಕೂಟರ್. ಆರ್‌ಸಿ ಧಣಿಯ ಹೆಸರಿನಲ್ಲಿ, ಓಡಿಸುವವರು ನಾಲ್ಕು ಜನ. ಚಲನ್ ಧಣಿಗೆ ಬರುತ್ತದೆ, ಸಂಬಳದಲ್ಲಿ ಕಡಿಯುವುದು ಎದುರಿಗೆ ಸಿಕ್ಕ ಹುಡುಗನದ್ದು. ಕಾಯ್ದೆಯ 133ನೇ ಕಲಮಿನ ಪ್ರಕಾರ ಆ ಹೊತ್ತಿಗೆ ಗಾಡಿ ಓಡಿಸಿದವರು ಯಾರು ಅಂತ ಪೊಲೀಸ್ ಕೇಳಿದರೆ ಮಾಲೀಕರು ಹೇಳಲೇಬೇಕು. ಗಲ್ಲಾದ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಯಾರು, ಯಾವ ಗಾಡಿ, ಎಷ್ಟು ಗಂಟೆಗೆ ತೆಗೆದರು, ಎಷ್ಟಕ್ಕೆ ಬಂದರು, ಸಹಿ. ಧಣಿಗೂ ಒಳ್ಳೆಯದು, ಹುಡುಗರಿಗೂ ಒಳ್ಳೆಯದು. "ಹತ್ತು ನಿಮಿಷದಲ್ಲಿ ಪಾರ್ಸೆಲ್ ಮುಟ್ಟಿಸು" ಅಂತ ಓಡಿಸಿ, ಸಿಗ್ನಲ್ ಹಾರಿದ ದಂಡವನ್ನು ಪೂರ್ತಿ ಅವನ ತಲೆಗೇ ಕಟ್ಟುವುದು ಸರಿಯಲ್ಲ ಅಂತ ಧಣಿಗಳಿಗೆ ನನ್ನ ಮಾತು. ಕ್ಯಾಮೆರಾ ಅನ್ಯಾಯ ಅಂತ ದೂರುವ ಮುಂಚೆ ನಮ್ಮ ಅಡುಗೆಮನೆ ಬಾಗಿಲಲ್ಲಿ ನಡೆಯುವುದನ್ನೂ ನೋಡಬೇಕು.

ಮಾರಿದ ಗಾಡಿ. ಕೊಂಡವರು ಆರ್‌ಸಿ ಹೆಸರು ಬದಲಾಯಿಸುವ ತನಕ ಚಲನ್ ನಿಮಗೇ ಬರುತ್ತದೆ. ಹೆಸರು ಬದಲಾಯಿಸುವ ಫಾರ್ಮ್ 29, 30 ಸಹಿ ಮಾಡಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಮಾರಿದ 14 ದಿನದ ಒಳಗೆ, ಬೇರೆ ರಾಜ್ಯಕ್ಕಾದರೆ 45 ದಿನದ ಒಳಗೆ ನೀವೂ ಆರ್‌ಟಿಒಗೆ ತಿಳಿಸಬೇಕು. ಕೊಟ್ಟ ದಿನ ಮತ್ತು ಗಂಟೆ ಬರೆದ ಡೆಲಿವರಿ ಚೀಟಿ ಮಾಡಿಕೊಳ್ಳಿ.

ಕೆಎ ನಂಬರ್ ಗಾಡಿ. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಎಂಎಚ್ ನಂಬರ್ ಮಾಡಿಸಬೇಕು, ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ಬಾಕಿ ಚಲನ್ ಇದ್ದರೆ ಆ ಕೆಲಸ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎನ್‌ಒಸಿಗೆ ಅರ್ಜಿ ಹಾಕುವ ಮುಂಚೆ ಮಹಾರಾಷ್ಟ್ರದ ಸೈಟು, ಪರಿವಹನ್ ಸೈಟು ಎರಡರಲ್ಲೂ ನೋಡಿಕೊಳ್ಳಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಇರಬಹುದು.

ಕೊನೆಗೆ ಫೋನ್ ನಂಬರ್. ಊರಿನಲ್ಲಿ ಗಾಡಿ ಕೊಂಡಾಗ ಡೀಲರ್ ತನ್ನದೇ ನಂಬರ್ ಹಾಕಿರುತ್ತಾನೆ, ಇಲ್ಲಾ ನಿಮ್ಮ ಹಳೇ ಸಿಮ್ ಈಗ ಬೇರೆ ಯಾರದ್ದೋ ಕೈಯಲ್ಲಿರುತ್ತದೆ. ಪರಿವಹನ್ ಸೈಟಿನಲ್ಲಿ ಮೊಬೈಲ್ ನಂಬರ್ ಬದಲಾಯಿಸುವ ಸೌಲಭ್ಯ ಇದೆ, ಗಾಡಿ ನಂಬರ್, ಚಾಸಿ, ಎಂಜಿನ್ ನಂಬರ್ ಇಟ್ಟುಕೊಂಡು ಕೂತರೆ ಮನೆಯಿಂದಲೇ ಆಗುತ್ತದೆ. ಮನೆ ಬದಲಾಯಿಸಿದ್ದರೆ 30 ದಿನದ ಒಳಗೆ ಆರ್‌ಸಿಯಲ್ಲಿ ವಿಳಾಸ ತಿದ್ದಿಸಬೇಕು ಅಂತಲೂ ಕಾಯ್ದೆಯಲ್ಲಿದೆ, ಬಾಡಿಗೆ ಮನೆಯವರು ಇದನ್ನು ಮರೆಯುತ್ತಾರೆ. ಎರಡೂ ಆದ ಮೇಲೆ ತಿಂಗಳಿಗೊಮ್ಮೆ, ಬಾಡಿಗೆ ಕಟ್ಟುವ ದಿನವೇ ಇರಲಿ, ಇ-ಚಲನ್ ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ದೂರು ಕೊಟ್ಟು ರದ್ದಾದ ಚಲನ್ ಪಟ್ಟಿಯಲ್ಲಿ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ, ಸೀಲು ಹಾಕಿಸಿದ ಪ್ರತಿ ಹಿಡಿದು ಅದೇ ಚೌಕಿಗೆ ಹೋಗಿ ತೆಗೆಸಿ.